ಯಾರೂ ನೋಡದಿರುವಾಗ ಅವನು ಏನು ಮಾಡುತ್ತಾನೆ?

ಪ್ರತಿ ವಾರ ಒಂದು ಕಂತು ಬರುವ ಕಾಮಿಕ್‌ಗೆ ನಾನು ಸ್ಕ್ರಿಪ್ಟ್ ಎಡಿಟರ್. ಶಾಪ ಹೊತ್ತ ದೊರೆ, ಒಪ್ಪಂದದ ಹೆಸರಲ್ಲಿ ಅವನ ಕೋಟೆಗೆ ಬಂದ ರಾಜಕುಮಾರಿ, ಅವಳನ್ನು ಬಿಡಿಸಲು ಹೊರಟ ಪಕ್ಕದ ರಾಜ್ಯದ ಯುವರಾಜ. ಇಂಥ ಕಥೆ. ಬರೆಯುವವರು ಬೇರೆ, ಚಿತ್ರ ಬಿಡಿಸುವವರು ಬೇರೆ. ಕಂತು ಮುಗಿದಾಗ ಓದುಗರಿಗೆ ಯಾರ ಮೇಲೆ ಏನನ್ನಿಸಬಹುದು ಅಂತ ಮೊದಲೇ ಯೋಚಿಸಿ ಇಬ್ಬರಿಗೂ ಹೇಳುವುದು ನನ್ನ ಪಾಲಿನ ಕೆಲಸ.

ಶುರುವಿನಲ್ಲಿ ಎಲ್ಲರಿಗೂ ಯುವರಾಜ ಇಷ್ಟ. ದೊರೆಯನ್ನು ಕಂಡರೆ ಸಿಟ್ಟು. ಕಥೆ ಅರ್ಧ ದಾಟುವ ಹೊತ್ತಿಗೆ ಅದು ಉಲ್ಟಾ ಆಗಬೇಕಿತ್ತು. ಅದೂ ನಾವು ಹಿಂದಿನಿಂದ ತಳ್ಳುತ್ತಿದ್ದೇವೆ ಅಂತ ಓದುಗರಿಗೆ ಅನ್ನಿಸಬಾರದು. ಇದನ್ನು ಹೇಗೆ ಮಾಡುವುದು ಅಂತ ನಮ್ಮಲ್ಲಿ ಜೋರು ಚರ್ಚೆಯೇ ನಡೆಯಿತು.

ಕಥೆಗಾರರು ದೊರೆಗೆ ಒಂದು ದೊಡ್ಡ ಫ್ಲ್ಯಾಶ್‌ಬ್ಯಾಕ್ ಬರೆದುಕೊಟ್ಟರು. ತಾಯಿ ಇಲ್ಲದ ಬಾಲ್ಯ, ಕತ್ತಲೆ ಕೋಣೆ, ಮಾಟಗಾತಿಯ ಶಾಪ. ಚೆನ್ನಾಗಿಯೇ ಬರೆದಿದ್ದರು. ಓದಿ ನನಗೂ ಗಂಟಲು ಕಟ್ಟಿತು. ಆದರೂ ಅದನ್ನು ಆ ಜಾಗದಲ್ಲಿ ಹಾಕುವುದು ಬೇಡ ಅಂದೆ. "ಅಯ್ಯೋ ಪಾಪ" ಅನ್ನಿಸುವುದು ಬೇರೆ, "ಇವನ ಜೊತೆ ಅವಳು ನೆಮ್ಮದಿಯಾಗಿರುತ್ತಾಳೆ" ಅನ್ನಿಸುವುದು ಬೇರೆ. ಕನಿಕರ ಹುಟ್ಟಲು ಹಿಂದಿನ ನೋವು ಸಾಕು. ನಂಬಿಕೆ ಹುಟ್ಟಬೇಕಾದರೆ, ಕೈಯಲ್ಲಿ ಅಧಿಕಾರ ಇರುವ ಈ ಹೊತ್ತಿನಲ್ಲಿ ಅವನು ಹೇಗಿದ್ದಾನೆ ಅಂತ ಕಾಣಬೇಕು. ಪ್ರೀತಿಯ ಕಥೆಗೆ ಬೇಕಾದದ್ದು ಈ ನಂಬಿಕೆ.

ಹಾಗಾಗಿ ಮಾತೇ ಇಲ್ಲದ ಕೆಲವು ಪ್ಯಾನೆಲ್, ಅಂದರೆ ಚೌಕಟ್ಟಿನೊಳಗಿನ ಒಂದೊಂದು ಚಿತ್ರ, ಕೇಳಿದೆ. ರಾಜಕುಮಾರಿ ಮನೆಗೆ ಬರೆದ ಕಾಗದ ಮೇಜಿನ ಮೇಲಿದೆ. ಅರಗಿನ ಮುದ್ರೆ ಒತ್ತಿದೆ. ದೊರೆ ಒಬ್ಬನೇ ಕೋಣೆಗೆ ಬರುತ್ತಾನೆ. ಕಾಗದ ಎತ್ತಿಕೊಳ್ಳುತ್ತಾನೆ. ಬೆರಳು ಮುದ್ರೆಯ ಮೇಲಿದೆ, ಒಡೆದರೆ ಕೇಳುವವರಿಲ್ಲ. ಮುಂದಿನ ಪ್ಯಾನೆಲ್‌ನಲ್ಲಿ ಅದೇ ಕಾಗದ ದೂತನ ಕೈಯಲ್ಲಿ. ಮುದ್ರೆ ಹಾಗೇ ಇದೆ. ಅಷ್ಟೆ.

ಇದು ರಾಜಕುಮಾರಿಗೆ ಗೊತ್ತಿಲ್ಲ. ಮುಂದಿನ ಕಂತಿನಲ್ಲಿ "ನನ್ನ ಕಾಗದ ಕದ್ದು ಓದಿದ್ದೀರಿ" ಅಂತ ಅವನ ಮೇಲೆ ಹರಿಹಾಯುತ್ತಾಳೆ. ಅವನು ಸುಮ್ಮನಿರುತ್ತಾನೆ. ಆದರೆ ಓದುಗರು ನೋಡಿದ್ದಾರೆ, ಅವನಿಗೆ ಅವರೇ ಸಾಕ್ಷಿ! ಅಲ್ಲಿಂದ ನಮಗೆ ಬರುವ ಪತ್ರಗಳ ಧಾಟಿ ಬದಲಾಯಿತು. ಅದುವರೆಗೆ ದೊರೆಯನ್ನು ಬೈದು ಬರೆಯುತ್ತಿದ್ದವರು "ಅವಳಿಗೆ ಯಾರಾದರೂ ನಿಜ ಹೇಳಬಾರದೇ" ಅಂತ ಬರೆಯತೊಡಗಿದರು. ಒಂದು ಪಾತ್ರದ ಪರ ತಾವೇ ವಾದ ಮಾಡಬೇಕು ಅಂತ ಓದುಗರಿಗೆ ಅನ್ನಿಸಿದರೆ ಆ ಪಾತ್ರ ಅವರದಾಯಿತು ಅಂತಲೇ ಲೆಕ್ಕ. ನಾವೇ ವಾದ ಮಾಡುತ್ತ ಕೂತರೆ ಅದು ನಮ್ಮದಾಗಿಯೇ ಉಳಿಯುತ್ತದೆ. ಆ ಫ್ಲ್ಯಾಶ್‌ಬ್ಯಾಕ್ ಆಮೇಲೆ ಬಂತು, ಆಗ ಅದಕ್ಕೆ ಎರಡು ಪಟ್ಟು ಬಲ ಬಂದಿತ್ತು.

ಯುವರಾಜನಿಗೂ ಇದೇ ದಾರಿ ಹಿಡಿದೆವು. ಅವನಿಂದ ಯಾವ ಕ್ರೂರ ಕೆಲಸವನ್ನೂ ಮಾಡಿಸಲಿಲ್ಲ. ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದ ಮಗುವನ್ನು ಉಳಿಸುತ್ತಾನೆ, ಜನ ಜೈಕಾರ ಹಾಕುತ್ತಾರೆ. ಡೇರೆಗೆ ಬಂದು ಒದ್ದೆ ಬಟ್ಟೆ ಬಿಚ್ಚುತ್ತ ಸೇವಕನನ್ನು ಕೇಳುತ್ತಾನೆ: "ರಾಜಕುಮಾರಿಯ ಕಡೆಯವರು ಯಾರಾದರೂ ನೋಡಿದರಾ?" ಮಗು ಉಳಿದದ್ದು ನಿಜ. ಅವನು ಜೀವ ಪಣಕ್ಕಿಟ್ಟದ್ದೂ ನಿಜ. ಆದರೂ ಆ ಒಂದು ಪ್ರಶ್ನೆ ಸಾಕು, ಅವನ ಹಿಂದಿನ ನಗುವನ್ನೆಲ್ಲ ಓದುಗರು ಮತ್ತೆ ಹೋಗಿ ಅನುಮಾನದಿಂದ ನೋಡುತ್ತಾರೆ. ಕೆಟ್ಟ ಕೆಲಸ ಮಾಡಿಸಿ ಒಬ್ಬನ ಮೇಲೆ ಬೇಸರ ಹುಟ್ಟಿಸುವುದು ಸುಲಭ. ಅವನ ಒಳ್ಳೆಯ ಕೆಲಸವೇ ಕಹಿಯಾಗುವಂತೆ ಮಾಡುವುದು ಕಷ್ಟ, ಆದರೆ ಆ ಬೇಸರ ಬೇಗ ಹೋಗುವುದಿಲ್ಲ.

ಹಳೆಯ ಕಥೆಗಾರರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. 1756ರಲ್ಲಿ ಪ್ರಕಟವಾದ, ಫ್ರೆಂಚ್ ಲೇಖಕಿ ಲೆಪ್ರೆನ್ಸ್ ದ ಬೋಮೋಂ ಅವರ 'ಬ್ಯೂಟಿ ಅಂಡ್ ದ ಬೀಸ್ಟ್' ಕಥೆಯಲ್ಲಿ ಮೃಗ ಆ ಹುಡುಗಿಯನ್ನು ಮದುವೆಯಾಗುತ್ತೀಯಾ ಅಂತ ಕೇಳುತ್ತದೆ. ಅವಳು ಇಲ್ಲ ಅನ್ನುತ್ತಾಳೆ. ಮೃಗ ಹೋಗಿಬರುತ್ತೇನೆ ಅಂತ ಹೇಳಿ, ತಿರುಗಿ ತಿರುಗಿ ನೋಡುತ್ತ ಹೊರಟುಹೋಗುತ್ತದೆ. ಅರಮನೆ ಅದರದು, ಬಲ ಅದರದು. ಆದರೂ ಇಲ್ಲ ಅಂದರೆ ಇಲ್ಲ ಅಂತ ಒಪ್ಪಿಕೊಳ್ಳುತ್ತದೆ. ನಮ್ಮ ಮನಸ್ಸು ವಾಲುವುದು ಅಲ್ಲೇ ಅಲ್ವಾ? ಕೊನೆಯಲ್ಲಿ ಅದು ಚೆಂದದ ರಾಜಕುಮಾರ ಆಗುವ ಹೊತ್ತಿಗೆ ಆ ಚೆಂದ ನಮಗೆ ಬೇಕಾಗಿಯೇ ಇರುವುದಿಲ್ಲ.

ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರು ಇನ್ನೊಂದು ದಾರಿ ಹಿಡಿದರು. ಅವರ ಕಥಾಸಂಗ್ರಹದ 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಡುವವಳು ಹೆತ್ತ ತಾಯಿ. 1819ರ ಮುದ್ರಣದಲ್ಲಿ ಅವಳು ಮಲತಾಯಿ ಆದಳು. ಮಾಡುವ ಕೆಲಸ ಅದೇ, ಕನ್ನಡಿಯೂ ಅದೇ. ಸಂಬಂಧ ಒಂದು ಬದಲಾದದ್ದಕ್ಕೆ ಓದುಗರ ಸಂಕಟ ಬರೀ ಸಿಟ್ಟಾಯಿತು. ನನಗೆ ಮೊದಲನೆಯದೇ ದೊಡ್ಡ ಕಥೆ ಅನ್ನಿಸುತ್ತದೆ, ಆದರೆ ಮಕ್ಕಳ ಮುಂದೆ ಓದುವವರ ಕಷ್ಟವೂ ಅರ್ಥವಾಗುತ್ತದೆ.

ಕಾಲ ಬದಲಾದಂತೆ ಓದುಗರೂ ಬದಲಾಗುತ್ತಾರೆ. ಗ್ರಿಮ್‌ರ ಕಪ್ಪೆರಾಜನ ಕಥೆಯಲ್ಲಿ ಕಪ್ಪೆ ರಾಜಕುಮಾರ ಆಗುವುದು ಹುಡುಗಿ ಕೊಟ್ಟ ಮುತ್ತಿನಿಂದಲ್ಲ. ಕಪ್ಪೆಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂತ ಅಪ್ಪ ಗದರುತ್ತಾನೆ, ಹುಡುಗಿ ಕಪ್ಪೆಯನ್ನು ಮಲಗುವ ಕೋಣೆಗೆ ಒಯ್ಯುತ್ತಾಳೆ, ಸಿಟ್ಟು ಬಂದು ಗೋಡೆಗೆ ಅಪ್ಪಳಿಸುತ್ತಾಳೆ, ಆಗ ಅದು ರಾಜಕುಮಾರ ಆಗುತ್ತದೆ. ಹಿಂದೆ ಅವಳು ಮಾತಿಗೆ ತಪ್ಪುವ ಹುಡುಗಿಯಾಗಿ ಕಂಡಿರಬಹುದು. ಇಂದಿನ ಓದುಗರು ಅಪ್ಪನನ್ನು ಪ್ರಶ್ನಿಸುತ್ತಾರೆ. ನಮ್ಮ ಕಥೆಯಲ್ಲೂ ಒಪ್ಪಂದಕ್ಕೆ ಸಹಿ ಹಾಕಿ ಮಗಳನ್ನು ಕಳಿಸಿದ ಅಪ್ಪನಿದ್ದಾನೆ. ಅಸಹಾಯಕ ಮುದುಕ ಅಂತ ಅವನನ್ನು ಬಿಟ್ಟುಬಿಡಲು ನಾನು ಒಪ್ಪಲಿಲ್ಲ. ಮಗಳು ಅವನೆದುರು ನಿಂತು "ಯಾಕೆ ಕಳಿಸಿದಿರಿ" ಅಂತ ಕೇಳುವ ಕಂತು ಬೇಕೇ ಬೇಕು ಅಂದೆ.

ಇನ್ನು ವಾರದ ಮಾತು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕೇ ಜಾಸ್ತಿ ಬೆಲೆ. ಕಂತು ಎಲ್ಲಿ ನಿಲ್ಲುತ್ತದೋ, ಓದುಗರು ಆ ಪ್ಯಾನೆಲ್ ಜೊತೆ ಒಂದು ವಾರ ಬದುಕುತ್ತಾರೆ. ರಾಜಕುಮಾರಿ ದೊರೆಯ ಕೆನ್ನೆಗೆ ಹೊಡೆದ ಚಿತ್ರಕ್ಕೆ ಕಂತು ನಿಂತರೆ, ವಾರವಿಡೀ ಅವಳು ಹೊಡೆದವಳು. ಹೊಡೆದ ಮೇಲೆ ಅವಳ ಕೈ ನಡುಗುವ ಇನ್ನೊಂದು ಪ್ಯಾನೆಲ್ ಸೇರಿಸಿ ನಿಲ್ಲಿಸಿದರೆ, ವಾರವಿಡೀ ಅವಳು ಹೆದರಿದವಳು. ಘಟನೆ ಒಂದೇ. ಆದರೆ ಓದುಗರು ಆ ವಾರದಲ್ಲಿ ಗೆಳೆಯರ ಜೊತೆ ಮಾತಾಡುತ್ತಾರೆ, ಒಂದು ಅಭಿಪ್ರಾಯ ಗಟ್ಟಿಯಾಗುತ್ತದೆ. ಒಮ್ಮೆ ಬಾಯಿಬಿಟ್ಟು ಹೇಳಿದ್ದನ್ನು ಬದಲಿಸಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಅದೇ ಕಥೆ ಆಮೇಲೆ ಪುಸ್ತಕವಾಗಿ ಬಂದಾಗ, ಒಂದೇ ಕೂರಿಕೆಯಲ್ಲಿ ಓದುವವರು ಪುಟ ತಿರುಗಿಸಿ ಮುಂದೆ ಹೋಗುತ್ತಾರೆ, ಆ ಪೆಟ್ಟು ಅವರಿಗೆ ನೆನಪೂ ಇರುವುದಿಲ್ಲ. ವಾರ ವಾರ ಓದಿದವರು ಅದನ್ನು ಮರೆತಿರುವುದಿಲ್ಲ. ಹಾಗಾಗಿ ಕೊನೆಯ ಪ್ಯಾನೆಲ್ ನೋಡುವಾಗ ನಾನು ಕುತೂಹಲದ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳುತ್ತೇನೆ. ಈ ಪಾತ್ರ ಏಳು ದಿನ ಈ ಸಿಟ್ಟನ್ನು ಹೊರಬೇಕಾದ್ದು ನ್ಯಾಯವೇ? ನ್ಯಾಯ ಅನ್ನಿಸಿದರೆ ಅಲ್ಲೇ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ಒಂದು ಪ್ಯಾನೆಲ್ ಮುಂದಕ್ಕೆ.

ಚಿತ್ರದ್ದೂ ದೊಡ್ಡ ಪಾಲಿದೆ. ಕಣ್ಣಿನೊಳಗಿನ ಬಿಳಿ ಹೊಳಪು ತೆಗೆದರೆ ಸಾಕು, ಅದೇ ನಗು ತಣ್ಣಗಾಗಿಬಿಡುತ್ತದೆ. ನಮ್ಮ ಚಿತ್ರಕಾರರು ಡೇರೆಯ ದೃಶ್ಯದಲ್ಲಿ ಯುವರಾಜನ ಕಣ್ಣಿನ ಹೊಳಪು ತೆಗೆಯಲೇ ಇಲ್ಲ. ಅವನನ್ನು ಮೊದಲಿನಷ್ಟೇ ಚೆಂದ ಬರೆದರು. ನನಗೆ ಅದು ತುಂಬ ಹಿಡಿಸಿತು, ಓದುಗರಿಗೆ ತಾವೇ ಕಂಡುಹಿಡಿಯುವ ಅವಕಾಶ ಉಳಿಯಿತು.

ರಾಜಕುಮಾರಿಯ ಕಥೆಯೇ ಬೇರೆ. ಅವಳನ್ನು ಯಾರೂ ದ್ವೇಷಿಸಲಿಲ್ಲ, ಆದರೆ ನಡುವಿನಲ್ಲಿ ಅವಳ ಬಗ್ಗೆ ಮಾತೇ ಕಡಿಮೆಯಾಯಿತು. ಎಲ್ಲವೂ ಅವಳಿಗೆ ಆಗುತ್ತಿತ್ತು, ಅವಳು ಏನೂ ಬಯಸುತ್ತಿರಲಿಲ್ಲ. ಕೋಟೆಯ ಹಳೆಯ ನಕ್ಷೆಗಳನ್ನು ಕಲಿಯಬೇಕು ಅನ್ನುವ ಹಟ ಅವಳಿಗೆ ಕೊಟ್ಟೆವು. ಅದಕ್ಕಾಗಿ ಅವಳು ಒಂದೆರಡು ಸುಳ್ಳನ್ನೂ ಹೇಳಿದಳು. ಓದುಗರು ಮತ್ತೆ ಅವಳ ಹಿಂದೆ ಬಂದರು.

ದೊರೆಯನ್ನು ಕೊನೆಗೂ ಒಪ್ಪದ ಓದುಗರಿದ್ದಾರೆ. ಹುಡುಗಿಯನ್ನು ಒಪ್ಪಂದದಲ್ಲಿ ತರಿಸಿಕೊಂಡವನು ಎಷ್ಟೇ ಕಾಗದ ಓದದೆ ಬಿಟ್ಟರೂ ಅವನು ಅವನೇ ಅನ್ನುತ್ತಾರೆ. ಆ ಮಾತಿನಲ್ಲಿ ನಿಜ ಇದೆ. ಅದಕ್ಕೇ ರಾಜಕುಮಾರಿಯ ಜೊತೆ ಬಂದ ಹಳೆಯ ದಾಸಿ ಅವನನ್ನು ಕ್ಷಮಿಸದೇ ಇರಲಿ ಅಂತ ಕಥೆಗಾರರ ಹತ್ತಿರ ಕೇಳಿಕೊಂಡೆ, ಅವರೂ ಒಪ್ಪಿದರು. ಮದುವೆಯ ಕಂತಿನಲ್ಲೂ ಅವಳು ದೊರೆಗೆ ತಲೆಬಾಗುವುದಿಲ್ಲ, ಅವನೂ ಅದನ್ನು ಕೇಳುವುದಿಲ್ಲ. ಈಗ ನಮಗೆ ಬರುವ ಪತ್ರಗಳಲ್ಲಿ ಹಲವು ಆ ದಾಸಿಯ ಹೆಸರಿಗೇ ಇವೆ.