ಹಳ್ಳಕ್ಕೊಂದು ಕಾಯಂ ಕಾಲುಸಂಕ: ಅನುದಾನ ಹುಡುಕಿದ್ದು, ಕೆಲಸ ಇಲ್ಲಿಯವರೆಗೆ ಬಂದಿದ್ದು

ಜುಲೈ 2023

ನಮ್ಮ ಕೇರಿಗೂ ಶಾಲೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ನೆನೆಯುವಷ್ಟೂ ನೀರಿರುವುದಿಲ್ಲ. ಮಳೆಗಾಲದಲ್ಲಿ ಅಡಿಕೆ ಮರದ ಸಂಕವೇ (ಕಾಲುಸೇತುವೆ) ಗತಿ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಊರವರೇ ಸೇರಿ ಹೊಸ ಮರ ಹಾಸುತ್ತೇವೆ, ಹಿಡಿದುಕೊಳ್ಳಲು ಬಿದಿರು ಕಟ್ಟುತ್ತೇವೆ. ಆಗಸ್ಟ್ ಹೊತ್ತಿಗೆ ಅದು ಪಾಚಿ ಹಿಡಿದು ಜಾರಲು ಶುರು.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಇಂಥದೇ ಸಂಕ ದಾಟುವಾಗ ನೀರುಪಾಲಾದಳು. ಆ ಸುದ್ದಿ ಬಂದಾಗಿನಿಂದ ನಮ್ಮ ಕೇರಿಯಲ್ಲಿ ಯಾರಿಗೂ ಸಮಾಧಾನ ಇಲ್ಲ. ಈ ಸಲ ಕಾಂಕ್ರೀಟಿನ ಸಂಕ ಆಗಲೇಬೇಕು ಅಂತ ಕೂತು ಮಾತಾಡಿದೆವು. ಓಡಾಟದ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಊರಿನವರಿಗೂ ಅನುಕೂಲ ಆಗಲಿ ಅಂತ ಆಗಾಗ ಬರೆದಿಡುತ್ತಿದ್ದೇನೆ.

ಅರ್ಜಿಗಿಂತ ಮೊದಲು ಅಳತೆ. ದಡದಿಂದ ದಡಕ್ಕೆ ಒಂಬತ್ತು ಮೀಟರ್. ಜುಲೈ ಕೊನೆಯ ದೊಡ್ಡ ಮಳೆ ಇಳಿದ ಮರುದಿನ ಹೋಗಿ, ದಡದ ಹಲಸಿನ ಮರದಲ್ಲಿ ಕಸಕಡ್ಡಿ ಸಿಕ್ಕಿಕೊಂಡ ಎತ್ತರ ನೋಡಿದೆವು. ಅಲ್ಲಿಗೆ ಕೆಂಪು ಪೈಂಟಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಟೇಪು ಹಿಡಿದು, ದಿನಾಂಕ ಮತ್ತು ಜಾಗ ಬೀಳುವ ಹಾಗೆ ಫೋಟೋ ತೆಗೆದೆವು.

ಆಗಸ್ಟ್ 2023

ಮಳೆ ಮಾಯ. ಹಳ್ಳದಲ್ಲಿ ಮೊಣಕಾಲಿಗೂ ನೀರಿಲ್ಲ. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಜೂನಿಯರ್ ಇಂಜಿನಿಯರ್ ಸ್ಥಳ ನೋಡಲು ಬಂದಿದ್ದು ಇಂಥ ಹೊತ್ತಿನಲ್ಲೇ. "ಇಷ್ಟು ನೀರಿಗೆ ಪೈಪ್ ಮೋರಿ ಸಾಕಲ್ವಾ?" ಅಂದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ, ಕಣ್ಣಿಗೆ ಕಂಡಿದ್ದು ಅಷ್ಟೇ. ಜುಲೈ ಫೋಟೋ ತೋರಿಸಿ, ಹಲಸಿನ ಮರದ ಹತ್ತಿರ ಕರೆದುಕೊಂಡು ಹೋದೆವು. ಮಳೆಯಲ್ಲಿ ದಿಮ್ಮಿ, ಕೊಂಬೆ ಎಲ್ಲ ತೇಲಿ ಬರುತ್ತವೆ, ಪೈಪಿಗೆ ಅಡ್ಡ ಸಿಕ್ಕಿದರೆ ಮೋರಿಯೇ ಕಿತ್ತು ಹೋಗುತ್ತದೆ ಅಂತ ಹಿರಿಯರೊಬ್ಬರು ವಿವರಿಸಿದರು. ಇಂಜಿನಿಯರ್ ಗೆರೆಯನ್ನು ತಾವೇ ಅಳೆದು, ಅದಕ್ಕಿಂತ 60 ಸೆಂ.ಮೀ. ಮೇಲೆ ಸ್ಲ್ಯಾಬಿನ ತಳ ಬರಬೇಕು ಅಂತ ಬರೆದುಕೊಂಡರು. ಆ ಒಂದು ಡಬ್ಬಿ ಪೈಂಟು ಮಾಡಿದಷ್ಟು ಕೆಲಸ ಹತ್ತು ಮನವಿ ಪತ್ರ ಮಾಡುತ್ತಿರಲಿಲ್ಲ.

ಆಮೇಲೆ ಹಣ ಎಲ್ಲಿಂದ ಅನ್ನುವ ಹುಡುಕಾಟ. ಊರಿನಲ್ಲಿ ಎಲ್ಲರೂ ಮೊದಲು ಹೇಳುವುದು "ಎಂಪಿಗೆ ಹೇಳಿ, ಎಂಎಲ್‌ಎಗೆ ಹೇಳಿ". ಹೇಳಬೇಕು, ನಾವೂ ಮನವಿ ಕೊಟ್ಟೆವು. ಆದರೆ ಲೆಕ್ಕ ತಿಳಿದಿರಬೇಕು. ಸಂಸದರ ಪ್ರದೇಶಾಭಿವೃದ್ಧಿ ನಿಧಿ 1993ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ಈಗ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ. ನಮ್ಮ ರಾಜ್ಯದಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಅದರಲ್ಲಿ ಇಡೀ ಕ್ಷೇತ್ರದ ಬೇಡಿಕೆ ತೂಗಬೇಕು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಂಸದರು ಕೆಲಸವನ್ನು ಶಿಫಾರಸು ಮಾಡುತ್ತಾರೆ ಅಷ್ಟೇ, ಮಂಜೂರು ಮಾಡುವುದು ಜಿಲ್ಲಾಡಳಿತ. ಶಿಫಾರಸು ಪತ್ರ ಕೈಗೆ ಬಂದರೂ ಜಾಗದ ದಾಖಲೆ, ಅಂದಾಜು ಪಟ್ಟಿ ಇಲ್ಲದಿದ್ದರೆ ಫೈಲು ಅಲ್ಲೇ ನಿಲ್ಲುತ್ತದೆ.

ಲೋಕೋಪಯೋಗಿ ಇಲಾಖೆಯ ಶಾಲಾ ಸಂಪರ್ಕ ಸೇತು ಯೋಜನೆ ನಮ್ಮಂಥ ಜಾಗಕ್ಕೇ ಹೇಳಿ ಮಾಡಿಸಿದ್ದು. ಅದಕ್ಕೂ ಬರೆದೆವು. ತೂಗುಸೇತುವೆ ಯಾಕಾಗಬಾರದು ಅಂತಲೂ ಕೆಲವರು ಕೇಳಿದರು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ತೂಗುಸೇತುವೆಯಿಂದ ಶುರುಮಾಡಿ ನೂರಕ್ಕೂ ಹೆಚ್ಚು ಊರುಗಳನ್ನು ಜೋಡಿಸಿದವರು, ಅವರ ಕೆಲಸ ಎಂದರೆ ನನಗೆ ಬಹಳ ಗೌರವ. ಆದರೆ ಅದು ಅಗಲದ ಹೊಳೆಗೆ. ಒಂಬತ್ತು ಮೀಟರಿನ ಹಳ್ಳಕ್ಕೆ ಸ್ಲ್ಯಾಬ್ ಸಾಕು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನಿಸಿದ್ದು, ಮೇಲಿನ ಬಾಗಿಲು ತಟ್ಟುತ್ತಲೇ ಇರೋಣ, ಆದರೆ ನಮ್ಮ ಹಕ್ಕಿನ ಹಣ ಇರುವುದು ಗ್ರಾಮ ಪಂಚಾಯಿತಿಯಲ್ಲಿ. ಮೊದಲು ಅಲ್ಲಿ ಹೆಸರು ಬರೆಸಬೇಕು.

ಸೆಪ್ಟೆಂಬರ್ 2023

ವಾರ್ಡ್ ಸಭೆ. ಇದಕ್ಕೆ ನಮ್ಮಲ್ಲಿ ಜನ ಬರುವುದೇ ಕಡಿಮೆ. ಈ ಸಲ ಮನೆ ಮನೆಗೆ ಹೋಗಿ ಕರೆದೆವು, ಮಹಿಳೆಯರೇ ಹೆಚ್ಚು ಬಂದರು. ಮಕ್ಕಳನ್ನು ದಿನಾ ಸಂಕ ದಾಟಿಸುವವರು ಅವರು, ಅವರು ಎದ್ದು ಮಾತಾಡಿದಾಗ ಸಭೆಗೆ ಬೇರೆಯೇ ತೂಕ ಬಂತು.

ನಡಾವಳಿ ಪುಸ್ತಕದಲ್ಲಿ ಮೊದಲು ಬರೆದಿದ್ದು "ಹಳ್ಳಕ್ಕೆ ಸಂಕ ಮಾಡಿಕೊಡಲು ಕೋರಿದರು" ಅಂತ ಒಂದೇ ಸಾಲು. ಇಷ್ಟಾದರೆ ಮುಂದೆ ಯಾವ ಹಳ್ಳ, ಎಲ್ಲಿ ಅಂತ ಯಾರಿಗೂ ತಿಳಿಯದು. ನಾವು ಬರೆದುಕೊಂಡು ಹೋಗಿದ್ದನ್ನು ಓದಿ ಸೇರಿಸಲು ಕೇಳಿದೆವು: ಎರಡೂ ದಡದ ಸರ್ವೆ ನಂಬರು, ಉದ್ದ, ಯಾವ ಮನೆಗಳವರು ಬಳಸುತ್ತಾರೆ, ಶಾಲೆಗೆ ಹೋಗುವ ಮಕ್ಕಳೆಷ್ಟು, ಸಂಕ ಇಲ್ಲದಿದ್ದರೆ ಸುತ್ತಿ ಹೋಗುವ ದೂರ ಎಷ್ಟು. ಕಾರ್ಯದರ್ಶಿಯವರು ತಾಳ್ಮೆಯಿಂದ ಪೂರ್ತಿ ಬರೆದು, ಜೋರಾಗಿ ಓದಿ, ಎಲ್ಲರ ಸಹಿ ಹಾಕಿಸಿದರು. ನಡಾವಳಿಯ ನಕಲು ಪ್ರತಿ ಅಂದೇ ಅರ್ಜಿ ಕೊಟ್ಟು ತೆಗೆದುಕೊಂಡೆವು. ಆಮೇಲೆ ಹೋದ ಪ್ರತಿ ಕಚೇರಿಯಲ್ಲೂ ಮೊದಲು ಕೇಳಿದ್ದು ಅದನ್ನೇ.

ಅಕ್ಟೋಬರ್ 2023

ಅಕ್ಟೋಬರ್ 2ರಿಂದ ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ನಡೆಯುತ್ತದೆ. ಇಲ್ಲಿ ಸೇರದ ಕೆಲಸಕ್ಕೆ ಇಡೀ ವರ್ಷ ಕಾಯಬೇಕು. ಗ್ರಾಮ ಸಭೆಯಲ್ಲಿ ಜಟಾಪಟಿ ಆಗಿದ್ದು ಇಲ್ಲೇ. ಪಕ್ಕದ ವಾರ್ಡಿನವರಿಗೆ ಕುಡಿಯುವ ನೀರಿನ ಪೈಪ್‌ಲೈನ್ ಬೇಕು. ಅದೂ ಸಣ್ಣ ಕಷ್ಟವಲ್ಲ, ಆ ವರ್ಷ ನವೆಂಬರ್ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. "ನೀರು ಮೊದಲಾ, ಸಂಕ ಮೊದಲಾ?" ಅಂತ ದನಿ ಏರಿತು.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಡಂ ಎದ್ದು ಹೇಳಿದ ಮಾತು ಇಡೀ ಸಭೆಯನ್ನು ತಣ್ಣಗೆ ಮಾಡಿತು. ಪಂಚಾಯಿತಿಗೆ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ, ಅಂದರೆ ಗೊತ್ತುಮಾಡಿದ ಕೆಲಸಕ್ಕೇ ಬಳಸಬೇಕು. ಅದರಲ್ಲಿ ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಅನಿರ್ಬಂಧಿತ, ಊರಿಗೆ ಬೇಕಾದ ಕೆಲಸಕ್ಕೆ ಬಳಸಬಹುದು. ಪೈಪ್‌ಲೈನ್ ಬರುವುದು ನಿರ್ಬಂಧಿತ ಹಣದಲ್ಲಿ, ಸಂಕ ಬರುವುದು ಅನಿರ್ಬಂಧಿತದಲ್ಲಿ. ಎರಡೂ ಬೇರೆ ಬೇರೆ ಗಂಟು. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆ ಅನ್ನುವ ಪ್ರಶ್ನೆಯೇ ಇಲ್ಲ. ಕೊನೆಗೆ ಪಕ್ಕದ ವಾರ್ಡಿನವರು ನಮ್ಮ ಸಂಕಕ್ಕೆ, ನಾವು ಅವರ ಪೈಪಿಗೆ ಕೈ ಎತ್ತಿದೆವು. ಯಾವ ಹಣ ಯಾವ ತಲೆಬರಹದಲ್ಲಿದೆ ಅಂತ ಸಭೆಗೆ ಮೊದಲೇ ಎಲ್ಲರಿಗೂ ತಿಳಿಸಿದರೆ ಎಷ್ಟೋ ಊರಿನ ಜಗಳ ತಪ್ಪುತ್ತದೆ. ಇದನ್ನು ನಾನು ಬಲವಾಗಿ ನಂಬುತ್ತೇನೆ.

ನವೆಂಬರ್ 2023

ಜಾಗದ ದಾಖಲೆ. ಗ್ರಾಮ ನಕಾಶೆ ತೆಗೆಸಿದೆವು. ಹಳ್ಳ ಬಿ ಖರಾಬು, ಅಂದರೆ ಸಾರ್ವಜನಿಕರದ್ದು. ಆದರೆ ಆಚೆ ದಡದಲ್ಲಿ ಸಂಕದ ಬುಡ ಒಬ್ಬರ ತೋಟದ ಅಂಚಿಗೆ ಬರುತ್ತಿತ್ತು. ಅವರು ಬೇಡ ಅನ್ನಲಿಲ್ಲ, ಫಸಲು ಕೊಡುವ ಎರಡು ಅಡಿಕೆ ಮರ ಹೋಗುತ್ತವೆ ಅಂತ ಮಾತ್ರ ಬೇಸರ. ಇಂಜಿನಿಯರ್ ಹತ್ತಿರ ಕೇಳಿ ಜಾಗವನ್ನು ಸ್ವಲ್ಪ ಮೇಲಕ್ಕೆ ಸರಿಸಿದೆವು, ಮರ ಉಳಿದವು. ಆದರೂ ಅವರಿಂದ ಲಿಖಿತ ಒಪ್ಪಿಗೆ ತೆಗೆದುಕೊಂಡು ಫೈಲಿಗೆ ಸೇರಿಸಿದೆವು. ಬಾಯಿಮಾತು ಎಷ್ಟೇ ಗಟ್ಟಿಯಾಗಿದ್ದರೂ ಬಿಲ್ ಪಾಸಾಗುವಾಗ ಕಾಗದವೇ ಬೇಕು.

ಸಂಕ ದಾಟಿದ ಮೇಲಿನ ಕಾಲುದಾರಿಯ ಒಂದು ತುಂಡು ಅರಣ್ಯ ಇಲಾಖೆಯ ಗಡಿಯೊಳಗೆ ಬರುತ್ತದೆ. ಅಲ್ಲಿಗೆ ಎಲ್ಲರೂ ಕೈಬಿಡುತ್ತಾರೆ. ಬಿಡಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2)ರಲ್ಲಿ ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರು ಸೇರಿ 13 ಬಗೆಯ ಊರ ಕೆಲಸಕ್ಕೆ ಅವಕಾಶ ಇದೆ. ಒಂದೊಂದಕ್ಕೂ ಬೇಕಾಗುವ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮ ಸಭೆಯ ಶಿಫಾರಸು ಬೇಕು. ನಮ್ಮದರಲ್ಲಿ ಒಂದು ಮರವೂ ಹೋಗುವುದಿಲ್ಲ. ಸಂಕದ ಫೈಲು ಇದರಿಂದ ತಡವಾಗದಿರಲಿ ಅಂತ ದಾರಿಯ ಫೈಲನ್ನು ಬೇರೆಯಾಗಿ ಶುರುಮಾಡಿದೆವು.

ಡಿಸೆಂಬರ್ 2023 – ಜನವರಿ 2024

ಎಸ್ಟಿಮೇಟ್ ಬಂತು: ಎಂಟೂವರೆ ಲಕ್ಷ. ನಮ್ಮ ಪಂಚಾಯಿತಿಯ ಅನಿರ್ಬಂಧಿತ ಹಣದಲ್ಲಿ ಒಂದೇ ಕೆಲಸಕ್ಕೆ ಇಷ್ಟು ಕೊಡಲು ಆಗುವುದಿಲ್ಲ. ನಾಲ್ಕು ಲಕ್ಷ ಕೊಡಬಹುದು ಅಂದರು. ಉಳಿದ ನಾಲ್ಕೂವರೆಗೆ ನರೇಗಾ, ಅಂದರೆ ಉದ್ಯೋಗ ಖಾತ್ರಿ ಯೋಜನೆ.

ನರೇಗಾದಲ್ಲಿ ಕೂಲಿ ಮತ್ತು ಸಾಮಗ್ರಿ 60:40 ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಮೇಸ್ತ್ರಿಯಂಥ ನುರಿತವರ ಕೂಲಿಯೂ ಆ 40ರೊಳಗೇ ಬರುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ನಮ್ಮ ನಾಲ್ಕೂವರೆ ಲಕ್ಷದಲ್ಲಿ ಅಗೆತ, ಮಣ್ಣು ಹೊರುವ ಕೂಲಿ 1.2 ಲಕ್ಷ ಮಾತ್ರ. ಉಳಿದ 3.3 ಲಕ್ಷ ಸಿಮೆಂಟು, ಜಲ್ಲಿ, ಕಬ್ಬಿಣ, ಮೇಸ್ತ್ರಿ. ಅನುಪಾತ ಪೂರ್ತಿ ಉಲ್ಟಾ. "ಆಗಲ್ಲ ಬಿಡಿ" ಅನ್ನುವುದು ಇಲ್ಲಿಯೇ.

ಆದರೆ ಪಂಚಾಯಿತಿ ಮಾಡಿಸುವ ಕೆಲಸಗಳಿಗೆ ಈ ಅನುಪಾತ ನೋಡುವುದು ಒಂದೊಂದು ಕಾಮಗಾರಿಗೆ ಅಲ್ಲ, ಇಡೀ ಪಂಚಾಯಿತಿಗೆ. ಅಂದರೆ ಬೇರೆ ಕಡೆ ಬರೀ ಕೂಲಿಯ ಕೆಲಸ ಜಾಸ್ತಿ ಆದರೆ ಇಲ್ಲಿ ಸಾಮಗ್ರಿಗೆ ಜಾಗ ಸಿಗುತ್ತದೆ. ಲೆಕ್ಕ ಹಾಕಿದೆವು. 3.3 ಲಕ್ಷದ ಸಾಮಗ್ರಿಗೆ 4.95 ಲಕ್ಷ ಕೂಲಿ ಇರಬೇಕು. ಸಂಕದಲ್ಲೇ 1.2 ಲಕ್ಷ ಇದೆ, ಕೊರತೆ 3.75 ಲಕ್ಷ. ಆಗ ದಿನಗೂಲಿ 316 ರೂಪಾಯಿ. ಸುಮಾರು 1,200 ಮಾನವ ದಿನ ಆಯಿತು. ಹೇಗೂ ಮಾಡಬೇಕಿದ್ದ ಕೆರೆಯ ಹೂಳು, ಇಂಗುಗುಂಡಿಗಳು ಇದ್ದವು. ಉದ್ಯೋಗ ಚೀಟಿ ಇದ್ದವರ ಮನೆಗೆ ಹೋಗಿ ನಮೂನೆ 6ರಲ್ಲಿ ಕೆಲಸ ಕೇಳಿ ಅರ್ಜಿ ಹಾಕಿಸಿದೆವು, ಸ್ವೀಕೃತಿಯನ್ನೂ ತೆಗೆದುಕೊಂಡೆವು. ಸ್ವೀಕೃತಿ ಇದ್ದರೆ 15 ದಿನದಲ್ಲಿ ಕೆಲಸ ಕೊಡಲೇಬೇಕು. ಕೆರೆಗೆ ನೀರು, ಮನೆಗೆ ಕೂಲಿ, ಹಳ್ಳಕ್ಕೆ ಸಂಕ. ಈ ಲೆಕ್ಕ ಕೂಡಿ ಬಂದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಕೆಲಸವನ್ನು ಎರಡು ತುಂಡು ಮಾಡಿ ಬರೆದರು: ಬುನಾದಿ ಮತ್ತು ಎರಡೂ ದಡದ ಗೋಡೆ ನರೇಗಾದಲ್ಲಿ, ಸ್ಲ್ಯಾಬು ಮತ್ತು ರೇಲಿಂಗ್ 15ನೇ ಹಣಕಾಸಿನಲ್ಲಿ. ಪೂರಕ ಕ್ರಿಯಾ ಯೋಜನೆಯಲ್ಲಿ ಸೇರಿ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಎರಡೂ ಆದವು.

ಮಾರ್ಚ್ 2024

ಲೋಕಸಭಾ ಚುನಾವಣೆ ಯಾವಾಗ ಬೇಕಾದರೂ ಘೋಷಣೆಯಾಗುವ ಹಾಗಿತ್ತು. ನೀತಿ ಸಂಹಿತೆ ಬಂದರೆ ಆಗಲೇ ನೆಲದ ಮೇಲೆ ಶುರುವಾದ ಕೆಲಸ ಮುಂದುವರಿಸಬಹುದು. ಆದೇಶ ಮಾತ್ರ ಆಗಿ ಕೆಲಸ ಶುರುವಾಗದಿದ್ದರೆ ಮುಟ್ಟುವಂತಿಲ್ಲ. ಬುನಾದಿಯ ಕಾರ್ಯಾದೇಶ ತಿಂಗಳ ಮೊದಲ ವಾರ ಬಂತು, ಕೂಡಲೇ ಅಗೆತ ಶುರು. ಜೆಸಿಬಿ ತರುವಂತಿಲ್ಲ, ಗುದ್ದಲಿ ಪಿಕಾಸಿಯೇ. ಕಾಂಕ್ರೀಟ್ ಕಲಸುವ ಮಿಕ್ಸರಿಗೆ ಮಾತ್ರ ಅವಕಾಶ. ಹಾಜರಾತಿಯ ಫೋಟೋ ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ತೆಗೆಯಬೇಕು. ಹಳ್ಳದಲ್ಲಿ ನೆಟ್‌ವರ್ಕ್ ಇಲ್ಲ, ಕಾಯಕಬಂಧು (ಕೂಲಿಗಾರರ ಗುಂಪಿನ ಮೇಟಿ) ಗುಡ್ಡ ಹತ್ತಿ ಕಳಿಸುತ್ತಿದ್ದರು.

ಮಾರ್ಚ್ 16ಕ್ಕೆ ಚುನಾವಣೆ ಘೋಷಣೆಯಾಯಿತು. ಬುನಾದಿ ನಡೆಯುತ್ತಿತ್ತು, ಹಾಗಾಗಿ ನಿಲ್ಲಲಿಲ್ಲ. ಸ್ಲ್ಯಾಬಿನ ಕೆಲಸ ಬೇರೆ ತುಂಡು, ಶುರುವಾಗಿರಲಿಲ್ಲ. ಅದು ನಿಂತಿತು.

ಜೂನ್ 2024

ಎರಡೂ ದಡದ ಗೋಡೆ ಮುಗಿದಿವೆ, ಕೆಂಪು ಗೆರೆಗಿಂತ ಎತ್ತರಕ್ಕೆ. ಕ್ಯೂರಿಂಗ್‌ಗೆ ಕೇರಿಯವರು ಸರದಿ ಹಾಕಿಕೊಂಡು ಗೋಣಿಚೀಲ ಹೊದಿಸಿ ನೀರು ಹಾಕಿದರು. ನೀತಿ ಸಂಹಿತೆ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಈಗ ಸೆಂಟ್ರಿಂಗ್ ಕಟ್ಟಿದರೆ ಕೊಚ್ಚಿಕೊಂಡು ಹೋಗುತ್ತದೆ, ಅದಕ್ಕೆ ಯಾರೂ ಆತುರ ಮಾಡಲಿಲ್ಲ. ಹೊಸ ಗೋಡೆಗಳ ಮೇಲೆಯೇ ಅಡಿಕೆ ಮರ ಹಾಸಿ, ಎರಡೂ ಕಡೆ ಜಿಐ ಪೈಪಿನ ಕೈಹಿಡಿ ಕಟ್ಟಿದ್ದೇವೆ. ದೊಡ್ಡ ಮಳೆಗೂ ನೀರು ಮರದ ಮಟ್ಟಕ್ಕೆ ಬರುವುದಿಲ್ಲ. ಮಕ್ಕಳು ಮಾತ್ರ ಇನ್ನೂ ದೊಡ್ಡವರ ಜೊತೆಯೇ ದಾಟಬೇಕು ಅಂತ ಮಾಡಿಕೊಂಡಿದ್ದೇವೆ.

ಸ್ಲ್ಯಾಬು ಡಿಸೆಂಬರ್‌ಗೆ. ಅಷ್ಟರೊಳಗೆ ಮೂರು ಕೆಲಸ ಬಾಕಿ. ಸ್ಲ್ಯಾಬಿನ ನಾಲ್ಕು ಲಕ್ಷ ಬೇರೆ ಕಾಮಗಾರಿಗೆ ತಿರುಗದ ಹಾಗೆ ಮುಂದುವರಿದ ಕಾಮಗಾರಿ ಅಂತ ಈ ವರ್ಷದ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕು, ಅದಕ್ಕೆ ಪಂಚಾಯಿತಿಗೆ ಪತ್ರ ಕೊಟ್ಟಾಗಿದೆ. ನರೇಗಾದ ಸಾಮಾಜಿಕ ಪರಿಶೋಧನೆಯ ಸಭೆಗೆ ಕೇರಿಯವರೆಲ್ಲ ಹೋಗಿ, ಅಳತೆ ಪುಸ್ತಕದಲ್ಲಿ ಬರೆದಿದ್ದಕ್ಕೂ ಗೋಡೆಯ ಅಳತೆಗೂ ತಾಳೆ ನೋಡಬೇಕು. ಕಾಲುದಾರಿಯ ಫೈಲು ಅರಣ್ಯ ಇಲಾಖೆಯ ಕಚೇರಿಯಲ್ಲಿದೆ, ಗ್ರಾಮ ಸಭೆಯ ನಿರ್ಣಯದ ದೃಢೀಕೃತ ಪ್ರತಿ ಇನ್ನೊಂದು ಬೇಕಂತೆ. ಸೋಮವಾರ ಅದನ್ನು ತೆಗೆದುಕೊಂಡು ಹೋಗುತ್ತೇನೆ.