ಒಗೆದರೆ ನೆರಿಗೆ ಹೋಗುವುದಿಲ್ಲವೇ?

ಹೋಗುತ್ತದೆ. ಬಳ್ಳಾರಿಯಲ್ಲಿ ನೆರಿಗೆ ಹಾಕಿದ ಹತ್ತಿಯ ಪರದೆಗಳನ್ನು ಮಾಡಿಕೊಡುವ ನನ್ನನ್ನು ಕಂಡವರೆಲ್ಲ ಕೇಳುವುದು ಇದೊಂದನ್ನೇ ಆದ್ದರಿಂದ, ಇನ್ನು ಬಾಯಿ ನೋಯಿಸಿಕೊಳ್ಳದೆ ಈ ಬರಹವನ್ನೇ ಕಳುಹಿಸಲು ತೀರ್ಮಾನಿಸಿದ್ದೇನೆ.

ಕೇಳುವುದು ತಪ್ಪಲ್ಲ, ಆದರೆ ಕಳ್ಳಮಾಲು ಹಿಡಿದ ಪೊಲೀಸರ ಧಾಟಿಯಲ್ಲಿ ಕೇಳುತ್ತಾರೆ. ಕೊಪ್ಪಳದ ಒಂದು ಮನೆಯಲ್ಲಿ ಪರದೆ ತೂಗುಹಾಕಿ ಏಣಿ ಇಳಿಯುತ್ತಿದ್ದಾಗ, ಮನೆಯ ಹಿರಿಯಾಕೆ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ, "ತೊಳದ್ರ ನಿರಿಗಿ ಹೋಗಂಗಿಲ್ಲೇನ್ರಿ? ರೊಕ್ಕ ಮಾತ್ರ ಗಟ್ಟಿ ತಗೊಂಡೀರಿ" ಎಂದರು. ಅವರು ಉಟ್ಟಿದ್ದುದು ಇಳಕಲ್ ಸೀರೆ. ಅದರ ನೆರಿಗೆಯನ್ನು ದಿನವೂ ಹೊಸದಾಗಿ ಹಿಡಿಯುವ ಅವರು ಸೀರೆ ಅಂಗಡಿಯವನನ್ನು ಎಂದಾದರೂ ಹೀಗೆ ಕೇಳಿದ್ದರೇ? ಬಾಕಿ ಹಣ ಬರಬೇಕಿತ್ತು, ಸುಮ್ಮನಾದೆ.

ಹತ್ತಿಯ ಸೆಲ್ಯುಲೋಸ್ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳು ನೀರು ತಗುಲಿದಾಗ ಸಡಿಲಗೊಂಡು, ಒಣಗುವ ಹೊತ್ತಿಗೆ ಬಟ್ಟೆ ಯಾವ ಆಕಾರದಲ್ಲಿದೆಯೋ ಅದರಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಹೀಗಾಗಿ ಅಕ್ಕಿಗಂಜಿಯಲ್ಲಿ ಅದ್ದಿ ಹಸಿಯಿರುವಾಗಲೇ ಮಡಿಚಿ ಒಣಗಿಸಿದರೆ ನೆರಿಗೆ ಕೂರುತ್ತದೆ, ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಎಂದೂ ಹೋಗದ ನೆರಿಗೆ ಬೇಕಾದವರು ಪಾಲಿಯೆಸ್ಟರ್ ಕೊಳ್ಳಬಹುದು. ಅದು ಪ್ಲಾಸ್ಟಿಕ್, ಕಾವಿಗೆ ಮೆತ್ತಗಾಗಿ, ತಣಿದಾಗ ಮಡಿಕೆಯಲ್ಲೇ ನಿಲ್ಲುತ್ತದೆ. ಹತ್ತಿಯೇ ಆಗಬೇಕೆಂದರೆ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಆಧಾರಿತ ರಾಳ ಹಾಕುತ್ತಾರೆ, ಬಟ್ಟೆಯ ಬಲ ಕುಗ್ಗುತ್ತದೆ. ವೆನಿಸ್‌ನ ವಸ್ತ್ರವಿನ್ಯಾಸಕ ಮಾರಿಯಾನೊ ಫಾರ್ಚುನಿ 1909ರಲ್ಲಿ ಪೇಟೆಂಟ್ ಪಡೆದ ರೇಷ್ಮೆ ನೆರಿಗೆಯ ಉಡುಪು ಕೂಡ, ನೆನೆದರೆ ಮತ್ತೆ ನೆರಿಗೆ ಹಾಕಿಸಿಕೊಳ್ಳಲು ಅವರಲ್ಲಿಗೇ ಹೋಗಬೇಕಿತ್ತು.

ನಾನು ಮೇಲ್ಪಟ್ಟಿಯಲ್ಲಿ ನೆರಿಗೆಗಳನ್ನು ಕೈಹೊಲಿಗೆಯಿಂದ ಬಿಗಿಯುತ್ತೇನೆ. ಸಂಡೂರು ಕಡೆಯ ಲಂಬಾಣಿ ಹೆಂಗಸರ ಫೇಟಿಯಾ ಎಂಬ ಲಂಗದಲ್ಲಿ ಸೊಂಟಪಟ್ಟಿ ಮಾಡುವ ಕೆಲಸವೇ ಇದು. ಒಗೆದಾಗ ಅಲ್ಲಿನ ಮಡಿಕೆ ಕದಲುವುದಿಲ್ಲ. ಕೆಳಗಿನದನ್ನು ಹಸಿಯಿರುವಾಗ ಕೈಯಿಂದ ಕೂಡಿಸಿ, ಎರಡು ಕಡೆ ಲಾಡಿ ಕಟ್ಟಿ ತೂಗುಬಿಟ್ಟರಾಯಿತು. ನಮ್ಮ ಊರಿನ ಬಿಸಿಲು ಉಳಿದದ್ದನ್ನು ನೋಡಿಕೊಳ್ಳುತ್ತದೆ.

ನಿಜವಾಗಿ ನನ್ನನ್ನು ಕಟ್ಟಿಹಾಕಬಲ್ಲ ಪ್ರಶ್ನೆ ಬೇರೆಯಿದೆ, ಅದನ್ನು ಯಾರೂ ಕೇಳುವುದಿಲ್ಲ. ನೆರಿಗೆಗೆ ನೆರಿಗೆ ತಾಗಿಸಿ ಹಾಕಿದರೆ ಒಂದು ಮೀಟರ್ ಅಗಲದ ಪರದೆಗೆ ಮೂರು ಮೀಟರ್ ಬಟ್ಟೆ ಬೇಕು. ಇದನ್ನು ಪರಿಸರಸ್ನೇಹಿ ಎಂದು ಯಾವ ಮುಖ ಹೊತ್ತು ಮಾರುತ್ತೀರಿ? ನನ್ನ ಸಮರ್ಥನೆ ಇಷ್ಟು: ಇದೇ ಊರಿನ ಜೀನ್ಸ್ ಹೊಲಿಗೆಯಲ್ಲಿ ಕತ್ತರಿಗೆ ಸಿಕ್ಕ ಡೆನಿಮ್ ಚೂರುಗಳು ಮೂಟೆಗಟ್ಟಲೆ ಉಳಿಯುತ್ತವೆ, ನೆರಿಗೆಯಲ್ಲಿ ಅಗಲಕ್ಕೆ ಕತ್ತರಿಯೇ ಇಲ್ಲ, ದಾರ ಬಿಚ್ಚಿದರೆ ಮೂರು ಮೀಟರೂ ಇಡಿಯಾಗಿ ಕೈಗೆ ಬರುತ್ತದೆ, ಹೊದಿಕೆಯೋ ಕೌದಿಯೋ ಆಗುತ್ತದೆ. ಮೇಲಾಗಿ ಸಪಾಟು ಪರದೆಗಿಂತ ನೆರಿಗೆಯ ಪರದೆ ಕೋಣೆಯ ಸದ್ದನ್ನು ಹೆಚ್ಚು ಹೀರುತ್ತದೆ. ಆದರೂ ಮೂರು ಮೀಟರ್ ಮೂರು ಮೀಟರೇ. ಆದ್ದರಿಂದ ಗಿರಾಕಿಗಳಿಗೆ ಮೊದಲು ತೋರಿಸುವುದು, ಪ್ರತಿ ನೆರಿಗೆಯ ನಡುವೆ ಒಂದು ನೆರಿಗೆಯಷ್ಟೇ ಜಾಗ ಬಿಟ್ಟ, ಎರಡು ಮೀಟರಿನಲ್ಲಿ ಮುಗಿಯುವ ಮಾದರಿ. ಅವರು ಅದನ್ನು ಬಡಕಲಾಯಿತೆಂದು ಸರಿಸಿ, ಮೂರು ಮೀಟರಿನದನ್ನೇ ಒಪ್ಪಿ, ಬಟ್ಟೆ ಇಷ್ಟೊಂದು ಏಕೆ ಹಿಡಿಯಿತೆಂದು ಚೌಕಾಶಿಗೆ ಕೂರುತ್ತಾರೆ.