ಸಾಂಬ್ರಾ ಮೋಡ, ನೌಕರಿ ಬಿಟ್ಟವರ ಲೆಕ್ಕ

ಬೆಳಗಾವಿಯಲ್ಲಿ ಮಳೆ ಹಿಡಿದರೆ ಸಾಂಬ್ರಾ ವಿಮಾನ ನಿಲ್ದಾಣದ ರನ್‌ವೇ ಮೇಲೆ ಮೋಡ ಕೆಳಗಿಳಿದು ಕೂತುಬಿಡುತ್ತದೆ, ತರಬೇತಿ ವಿಮಾನಗಳು ಹ್ಯಾಂಗರ್ ಬಿಡೋದಿಲ್ಲ. ಬ್ಯಾಂಕು, ಮಾಸ್ತರಿಕೆ, ಫೌಂಡ್ರಿ ಕೆಲಸ ಬಿಟ್ಟು ಪೈಲಟ್ ಆಗಲು ಹೊರಟವರ ಲೆಕ್ಕ ತಪ್ಪೋದು ಇಲ್ಲೇ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು. ವರ್ಷದ ಉಳಿತಾಯ ಇಟ್ಟುಕೊಂಡು ಬಂದರೆ ಶ್ರಾವಣದಲ್ಲೇ ಕೈ ಖಾಲಿ.

ರಾಜೀನಾಮೆಗಿಂತ ಮೊದಲು ಮೆಡಿಕಲ್, ಅಂದರೆ ಪೈಲಟ್ ಆಗಲು ಬೇಕಾದ ಆರೋಗ್ಯ ತಪಾಸಣೆ: ಮೊದಲು ಕ್ಲಾಸ್ 2, ಆಮೇಲೆ ಅದಕ್ಕಿಂತ ಬಿಗಿಯಾದ ಕ್ಲಾಸ್ 1. ಚಷ್ಮಾ ಇದ್ದರೆ ಗಾಬರಿ ಬೇಡ. ಬಣ್ಣ ಗುರುತಿಸೋದರಲ್ಲಿ ಎಡವಿದರೆ ಕಷ್ಟ. ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ ಪರೀಕ್ಷೆಗಳನ್ನು ನೌಕರಿಯಲ್ಲಿದ್ದೇ ಬರೆಯಬಹುದು, ಪಾಸಾಗಲು ನೂರಕ್ಕೆ 70 ಬೇಕು. ಕಾಮರ್ಸ್‌ನವರು ಎಡವೋದು ನ್ಯಾವಿಗೇಶನ್ನಿನಲ್ಲಿ. 60 ಮೈಲಿಗೆ 1 ಮೈಲಿ ಪಕ್ಕಕ್ಕೆ ಸರಿದರೆ ದಿಕ್ಕು 1 ಡಿಗ್ರಿ ತಪ್ಪಿದೆ ಅಂತ ಅರ್ಥ. ಇಷ್ಟು ಬಾಯಿಲೆಕ್ಕಕ್ಕೆ ಬಂದರೆ ಅರ್ಧ ಭಯ ಹೋಯಿತು.

ಇನ್ನೊಂದು ಮಾತು. ಸಾಂಬ್ರಾ ಸಮುದ್ರಮಟ್ಟಕ್ಕಿಂತ ಸುಮಾರು 2,500 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ ಗಾಳಿ ಕಾದು ತೆಳ್ಳಗಾದಾಗ ಎಂಜಿನ್ನಿಗೂ ರೆಕ್ಕೆಗೂ ದಮ್ಮು ಕಮ್ಮಿ, ಅದೇ ಸೆಸ್ನಾ ತರಬೇತಿ ವಿಮಾನ ನೆಲ ಬಿಡಲು ಇನ್ನಷ್ಟು ದೂರ ಓಡುತ್ತದೆ. ಬೆಳಗಿನ ಹಾರಾಟದ ಸ್ಲಾಟ್ ಸಿಕ್ಕರೆ ಬಿಡಬೇಡ್ರಿ.